ತುಂಬೈತೆ

ಗಲ್ಲಕ್ಕೆ ಸೋಪು ಹಚ್ಚಿಕೊಂಡು ಚಿಕ್ಕತಿಮ್ಮಪ್ಪ ಕನ್ನಡಿಯ ಮುಂದೆ ನಿಂತಿದ್ದಾಗ ಅಡುಗೆಮನೆಯಿಂದ ಹೆಂಡತಿ, "ಸಕ್ಕರೆ ಇಲ್ಲ" ಅಂದಳು. ಅಂದದ್ದು ಅಷ್ಟೇ. ತಿಂಗಳಿಗೆ ಎರಡು ಸಲವಾದರೂ ಅನ್ನುತ್ತಾಳೆ. ಸಕ್ಕರೆ ಇಲ್ಲ, ಸೀಮೆಎಣ್ಣೆ ಇಲ್ಲ, ಬೇಳೆ ಇಲ್ಲ. ಚಂದ್ರಕ್ಕ ದಾವಣಗೆರೆಯಲ್ಲಿ ಮಿಲ್ಲಿನ ಕೆಲಸಗಾರನ ಮಗಳಾಗಿ ಹುಟ್ಟಿ, ಕಾರ್ಡು ಕ್ಯೂಗಳ ನಡುವೆಯೇ ಬೆಳೆದವಳು. ಇಲ್ಲ ಅನ್ನುವುದು ಅವಳ ಬಾಯಲ್ಲಿ ಬಾಗಿಲು ಹಾಕು, ನಲ್ಲಿ ತಿರುಗಿಸು ಅನ್ನುವಂಥ ಒಂದು ಮಾತು, ಅದಕ್ಕೆ ತೂಕವಿಲ್ಲ. ಆದರೂ ಅವನ ಕೈಯ ರೇಜರು ಒಂದು ಗಳಿಗೆ ಗಂಟಲ ಹತ್ತಿರ ನಿಂತಿತು. ಮೂರು ತಿಂಗಳಿಂದ ಆ ಪದ ಕಿವಿಗೆ ಬಿದ್ದಾಗಲೆಲ್ಲ ತನಗೆ ಏನೋ ಆಗಬೇಕು ಅನ್ನಿಸುತ್ತಿತ್ತು, ಏನೂ ಆಗುತ್ತಿರಲಿಲ್ಲ. ಚಕ್ಕಂಬಕ್ಕಳ ಹಾಕಿ ಬಹಳ ಹೊತ್ತು ಕೂತು ಎದ್ದಾಗ ಕಾಲು ತನ್ನದಲ್ಲ ಅನ್ನಿಸುತ್ತದಲ್ಲ, ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ. ರೇಡಿಯೋದಲ್ಲಿ ಯಾರೋ ಈ ವರ್ಷದ ಆಹಾರೋತ್ಪಾದನೆಯ ವಿಷಯ ಓದುತ್ತಿದ್ದರು. ಅವನು ಉಳಿದ ಅರ್ಧ ಗಲ್ಲವನ್ನು ಕೆರೆದು ಮುಖ ತೊಳೆದ.

ಅವನನ್ನು ಸಾಕಿದ ದೊಡ್ಡಮ್ಮ ಉಚ್ಚಂಗೆಮ್ಮನ ಮನೆಯಲ್ಲಿ ಆ ಪದ ಇರಲೇ ಇಲ್ಲ. ಕಾಳಿನ ವಿಷಯದಲ್ಲಿ ಇಲ್ಲ ಅನ್ನಬಾರದು. ಅಂದರೆ ಆ ಮಾತು ಮಡಕೆಯೊಳಗೆ ಹೋಗಿ ಕೂತುಬಿಡುತ್ತದೆ, ಆಮೇಲೆ ಎಷ್ಟು ಸುರಿದರೂ ನಿಲ್ಲುವುದಿಲ್ಲ ಎಂದು ಅವಳು ನಂಬಿದ್ದಳು. ಹಟ್ಟಿಯಲ್ಲಿ ಎಲ್ಲರೂ ನಂಬಿದ್ದರು. ರಾಗಿ ತೀರಿದ ದಿನ ಉಚ್ಚಂಗೆಮ್ಮ ಮಡಕೆಯ ತಳ ಬಳಿದು, ಮೊರ ಅವನ ಕೈಗೆ ಕೊಟ್ಟು, "ಚಿತ್ತಮ್ಮನ ಮನೀಗೆ ಹೋಗಿ ತುಂಬೈತೆ ಅಂತ ಹೇಳಿ ಬಾ ಮಗ" ಅನ್ನುವಳು. ತುಂಬಿದ್ದರೆ ಮೊರ ಯಾಕೆ ಎಂದು ಅವನಿಗೆ ಮೊದಮೊದಲು ತಿಳಿಯುತ್ತಿರಲಿಲ್ಲ. ತಾಯಿ ಸತ್ತು ಅವಳ ಅಕ್ಕನ ಕೈಗೆ ಬಿದ್ದ ಕೂಸು ಅವನು, ಹೇಳಿದ್ದನ್ನು ಮಾಡುತ್ತಿದ್ದ. ಚಿತ್ತಮ್ಮನ ಬಾಗಿಲಲ್ಲಿ ನಿಂತು, "ನಮ್ಮನೇಲಿ ತುಂಬೈತಂತೆ" ಅಂದರೆ ಸಾಕು, ಆಕೆ ಯಾವಾಗ ತಿರುಗಿ ಕೊಡ್ತೀರಿ ಅಂತಲೂ ಕೇಳದೆ ಎರಡು ಕೈಯಿಂದ ಬಾಚಿ ಮೊರಕ್ಕೆ ಸುರಿಯುತ್ತಿದ್ದಳು. ಚಿತ್ತಮ್ಮನ ಮನೆಯಲ್ಲಿ ತುಂಬಿದ ದಿನ ಅವಳ ಮೊರ ಇಲ್ಲಿಗೆ ಬರುತ್ತಿತ್ತು. ಒಂದು ಸಲ, ಶಾಲೆಗೆ ಸೇರಿದ ಹೊಸತರಲ್ಲಿ, ಪುಸ್ತಕದ ಮಾತು ಕಲಿತ ಜಂಬಕ್ಕೆ ಅವನು, "ನಮ್ಮ ಮನೆಯಲ್ಲಿ ರಾಗಿ ಇಲ್ಲ" ಅಂದುಬಿಟ್ಟಿದ್ದ. ಚಿತ್ತಮ್ಮ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಹಿತ್ತಲಿಗೆ ಕರೆದುಕೊಂಡು ಹೋಗಿ ಬಾಯಿ ಮುಕ್ಕಳಿಸಿ ಉಗುಳಿಸಿದಳು. ಆಮೇಲೆ ದಿನಕ್ಕಿಂತ ಎರಡು ಬೊಗಸೆ ಹೆಚ್ಚಿಗೆ ಹಾಕಿ, ದೊಡ್ಡಮ್ಮನಿಗೆ ಹೇಳಬೇಡ ಅಂದಳು. ಅವನು ಹೇಳಲಿಲ್ಲ. ಹೇಳದೆ ಇರುವುದು ಅವನಿಗೆ ಆಗಲೇ ಬರುತ್ತಿತ್ತು.

ಆಫೀಸಿಗೆ ಹೋಗುವ ದಾರಿಯಲ್ಲಿ ನ್ಯಾಯಬೆಲೆ ಅಂಗಡಿ. ಇನ್ನೂ ತೆರೆದಿರಲಿಲ್ಲ. ಜನರೂ ಇರಲಿಲ್ಲ, ಅವರ ಬದಲು ಸಾಲಿನಲ್ಲಿ ಕಲ್ಲು, ಚೀಲ, ಡಬ್ಬ, ಒಂಟಿ ಚಪ್ಪಲಿಗಳು ನಿಂತಿದ್ದವು. ಯಾರ ಕಲ್ಲು ಯಾವುದು ಎಂದು ಎಲ್ಲರಿಗೂ ಗೊತ್ತು; ಒಬ್ಬರ ಕಲ್ಲನ್ನು ಇನ್ನೊಬ್ಬರು ಸರಿಸಿದರೆ ಜಗಳ. ಹಡಗಿನಲ್ಲಿ ಬಂದ ಕೆಂಪು ಜೋಳಕ್ಕೆ ಈ ಕಲ್ಲುಗಳು ಕಾಯುತ್ತಿವೆ. ಸ್ವಾತಂತ್ರ್ಯ ಬಂದು ಇಪ್ಪತ್ತೇಳು ವರ್ಷವಾಯಿತು, ತನಗೂ ಇಪ್ಪತ್ತೇಳು. ಶಾಲೆಗೆ ಸೇರಿಸಲು ದೊಡ್ಡಮ್ಮ ಕರೆದುಕೊಂಡು ಹೋದಾಗ ಮೇಷ್ಟ್ರು ಯಾವಾಗ ಹುಟ್ಟಿದ್ದು ಎಂದು ಕೇಳಿದ್ದರು. "ಬಾವುಟ ಏರಿಸಿದ್ರಲ್ಲ, ಆ ವರ್ಸ ಸ್ವಾಮಿ. ಅವರೇಕಾಯಿ ಕಾಲ" ಅಂದಿದ್ದಳು. ಮೇಷ್ಟ್ರು ಅವರೇಕಾಯಿಯನ್ನು ಬಿಟ್ಟು ಉಮೇದಿನಲ್ಲಿ ಆಗಸ್ಟ್ ಹದಿನೈದು ಅಂತ ಬರೆದುಕೊಂಡರು. ಎರಡು ವರ್ಷದ ಹಿಂದೆ ಬೆಳ್ಳಿಹಬ್ಬದ ದಿನ ಆಫೀಸಿನಲ್ಲಿ ಅದು ಯಾರ ಕಣ್ಣಿಗೋ ಬಿದ್ದು, ಎಲ್ಲರೂ ಅವನ ಕೈಕುಲುಕಿ, ಲಾಡು ತಿನ್ನಿಸಿದ್ದರು. ಅವನ ಹೆಸರಿನ ಮೊಟ್ಟಮೊದಲ ದಾಖಲೆಯೇ ಸುಳ್ಳು, ಆದರೆ ಅದರಿಂದ ಯಾರಿಗೂ ಏನೂ ಕಡಿಮೆಯಾಗಿರಲಿಲ್ಲ. ಲಾಡು ಮಾತ್ರ ಚೆನ್ನಾಗಿತ್ತು.

ಅವನು ಗುಮಾಸ್ತನಾಗಿದ್ದ ಆಹಾರ ಇಲಾಖೆಯ ಆಫೀಸಿನಲ್ಲಿ ಮಂಗಳವಾರ ರೇಷನ್ ಕಾರ್ಡು ತಿದ್ದುವ ದಿನ. ಜಗಲಿಯ ಮೇಲೆ ಜನ ಆಗಲೇ ಕೂತಿದ್ದರು. ಜವಾನ ರಂಗಯ್ಯ ಅವನ ಮೇಜಿನ ಧೂಳು ಹೊಡೆಯುತ್ತ, "ಒಂದು ಅಜ್ಜಿ ಬಂದೈತೆ ಸಾರ್. ಮೊದಲ್ನೇ ಬಸ್ಸಿಗೇ ಬಂದು ಆ ಹೊಂಗೆ ಮರದಡಿ ಕುಂತೈತೆ. ಜಗಲಿ ಮೇಲೆ ಬಾ ಅಂದ್ರೆ ಬರಲ್ಲ. ಯಾರ್ನ ನೋಡ್ಬೇಕಜ್ಜಿ ಅಂದ್ರೆ, ಬರೆಯೋ ಸ್ವಾಮೇರ್ನ ಅಂತೈತೆ" ಅಂದ. ಚಿಕ್ಕತಿಮ್ಮಪ್ಪ ಪೆನ್ನಿಗೆ ಶಾಯಿ ತುಂಬಿಸಿಕೊಂಡ. ನಿಬ್ಬನ್ನು ಒರೆಸಿದ. ಇಷ್ಟೆಲ್ಲ ಆದಮೇಲೆ ಕಿಟಕಿಯ ಸರಳುಗಳ ಆಚೆ ನೋಡಿದ. ನೋಡುವ ಮೊದಲೇ ಗೊತ್ತಿತ್ತು. ಉಚ್ಚಂಗೆಮ್ಮ ಮರಕ್ಕೆ ಬೆನ್ನು ಕೊಡದೆ, ಯಾರದೋ ಮನೆಗೆ ನೆಂಟಸ್ತಿಕೆ ಮಾತಾಡಲು ಬಂದವಳಂತೆ ನೆಟ್ಟಗೆ ಕೂತಿದ್ದಳು. ಮಡಿಲಲ್ಲಿ ಒಂದು ಖಾಕಿ ಚೀಲ. ಅದು ಅವನ ಹಾಸ್ಟೆಲಿನ ಕಾಲದ ಅಂಗಿ; ತೋಳು ಕತ್ತರಿಸಿ ಹೊಲಿದು ಚೀಲ ಮಾಡಿದ್ದಳು, ಜೇಬು ಮಾತ್ರ ಹಾಗೆಯೇ ಇತ್ತು. ಕುತ್ತಿಗೆಯ ಎಲುಬುಗಳು ಇಲ್ಲಿಂದಲೇ ಕಾಣುತ್ತಿದ್ದವು. ಅವನಿಗೆ ನಾಚಿಕೆಯಾಯಿತು. ಅವಳನ್ನು ನೋಡಿ ಆದದ್ದೋ, ತನ್ನನ್ನು ನೆನೆದು ಆದದ್ದೋ, ವಿಚಾರಿಸಿ ನೋಡಲು ಹೋಗಲಿಲ್ಲ.

ಏಪ್ರಿಲ್ ತಿಂಗಳಲ್ಲಿ ಧಾನ್ಯದ ದಾಸ್ತಾನು ಬರೆಯಲು ಜೀಪು ಆದಿವಾಲದಾಚೆಯ ಹಟ್ಟಿಗೆ, ಅವನು ಬೆಳೆದ ಹಟ್ಟಿಗೇ, ಹೋಗಿತ್ತು. ಮನೆಯಲ್ಲಿ ಕಾಳು ಇದ್ದವರ ಕಾರ್ಡಿಗೆ ಸಕ್ಕರೆ, ಸೀಮೆಎಣ್ಣೆ ಮಾತ್ರ. ಇಲ್ಲದವರಿಗೆ ಗೋಧಿ, ಜೋಳ. ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಇದೆ, ಇಲ್ಲ ಎಂದು ಎರಡು ಪದ ಅಚ್ಚಾಗಿದ್ದವು, ಒಂದನ್ನು ಹೊಡೆದುಹಾಕಬೇಕು. ಸಾಹೇಬರು ಮಂಗಳೂರಿನ ಕಡೆಯವರು, ಕೆಟ್ಟವರಲ್ಲ, ಬಿಸಿಲು ತಡೆಯುತ್ತಿರಲಿಲ್ಲ. ಒದ್ದೆ ಟವೆಲು ತಲೆಗೆ ಹಾಕಿಕೊಂಡು ಜೀಪಿನಲ್ಲೇ ಕೂತಿದ್ದರು. ಹಟ್ಟಿಯ ಬೇಲಿಯೊಳಗೆ ಜೀಪು ನುಗ್ಗುವಾಗ, "ಇವರೆಲ್ಲ ಮನುಷ್ಯರ ಹಾಗೆ ಬದುಕುವುದು ಯಾವಾಗ ತಿಮ್ಮಪ್ಪ" ಅಂದರು. ಅವನು, "ಹೌದು ಸಾರ್" ಅಂದ. ತನ್ನದು ದುರ್ಗದ ಪೇಟೆ ಎಂದು ಅವರಿಗೆ ಯಾವಾಗಲೋ ಹೇಳಿದ್ದ. ಪಟ್ಟಿ ಹಿಡಿದು ಬಾಗಿಲಿಂದ ಬಾಗಿಲಿಗೆ ಹೋಗುವಾಗ ಜನ, ಅವನ ಗುರುತಿದ್ದವರೂ ಜೀಪು ಕಂಡು ಸ್ವಾಮಿ ಅನ್ನುತ್ತ, ತಾವೇ ಮುಂದೆ ಬಂದು ಹೇಳುತ್ತಿದ್ದರು. ಇಲ್ಲ ಸ್ವಾಮಿ. ಏನೂ ಇಲ್ಲ ಸ್ವಾಮಿ. ಅಟ್ಟದಲ್ಲಿ ಐದು ಚೀಲ ಇಟ್ಟುಕೊಂಡವನೂ ಇಲ್ಲ ಅಂದ. ನಾಲೆಯ ನೀರು ಬಂದ ಮೇಲೆ ಕಬ್ಬು ಹಾಕಿ ರಾಗಿಯನ್ನೇ ಬಿಟ್ಟಿದ್ದ ಚಿತ್ತಮ್ಮನ ಮಕ್ಕಳು, ಬಾಯಿ ಮುಕ್ಕಳಿಸುವ ಕಾಟವಿಲ್ಲದೆ, ಇಬ್ಬರೂ ಒಂದೇ ಸಲಕ್ಕೆ ಇಲ್ಲ ಅಂದರು. ಹಟ್ಟಿ ಇಪ್ಪತ್ತೇಳು ವರ್ಷದಲ್ಲಿ ಆ ಪದವನ್ನು ಕಲಿತುಬಿಟ್ಟಿತ್ತು. ಚಿತ್ತಮ್ಮ ಸತ್ತಿದ್ದಳು.

ಕೊನೆಯ ಮನೆ ದೊಡ್ಡಮ್ಮನದು. ಅವಳು ಬಾಗಿಲಲ್ಲೇ ನಿಂತಿದ್ದಳು. ಪ್ಯಾಂಟು ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿ ಬರುತ್ತಿದ್ದ ಅವನನ್ನು ನೋಡಿ ಅವಳ ಮುಖ ಅರಳಿತು. ಮಗ ಅನ್ನಲು ತುಟಿ ಕೂಡಿತು. ಅವನು ಪಟ್ಟಿಯ ಕಡೆ ಕಣ್ಣು ತಗ್ಗಿಸಿ, "ಮನೆಯಲ್ಲಿ ಧಾನ್ಯ ಇದೆಯೇ?" ಎಂದು ಅಚ್ಚುಕಟ್ಟಾಗಿ ಕೇಳಿದ. ಅವಳು ಜೀಪಿನ ಕಡೆ ನೋಡಿದಳು, ಅವನ ಕಡೆ ನೋಡಿದಳು. ಏನು ಅರ್ಥ ಮಾಡಿಕೊಂಡಳೋ, ಸೆರಗು ಸರಿಮಾಡಿಕೊಂಡು, "ತುಂಬೈತೆ ಸ್ವಾಮಿ" ಅಂದಳು. ಅಂದು ಸುಮ್ಮನೆ ನಿಂತಳು, ಒಂದು ನಮೂನೆಯ ನೆಮ್ಮದಿಯಲ್ಲಿ. ಸರ್ಕಾರ ಯಾರನ್ನೋ ಕಳಿಸದೆ ಈ ಮಾತು ತಿಳಿಯುವವನನ್ನೇ ಕಳಿಸಿದೆಯಲ್ಲ ಎಂಬಂತೆ. ಒಳಗೆ ಗೋಡೆಗೆ ಮೊರ ನೇತುಹಾಕಿತ್ತು. "ಏನಂತೆ?" ಎಂದು ಸಾಹೇಬರು ಜೀಪಿನಿಂದ ಕೂಗಿದರು. "ತುಂಬಿದೆಯಂತೆ ಸಾರ್." ಅದರಲ್ಲಿ ಸುಳ್ಳೇನಿತ್ತು? ಅವಳು ಅಂದದ್ದನ್ನೇ ಅಂದಿದ್ದ. ಇನ್ನೊಂದು ಮಾತು ಸೇರಿಸಬಹುದಾಗಿತ್ತು: ನಮ್ಮ ಕಡೆ ಹಾಗಂದರೆ ಬೇರೆ ಅರ್ಥ ಸಾರ್. ಆದರೆ ಅದು ನಮ್ಮ ಅನ್ನುವುದರಿಂದಲೇ ಶುರುವಾಗುತ್ತದೆ, ಆಮೇಲೆ ಎಲ್ಲಿಗೆ ಹೋಗಿ ನಿಲ್ಲುತ್ತದೋ. ಅವನು ಅವಳ ಹೆಸರಿನ ಮುಂದಿನ ಇಲ್ಲ ಎಂಬುದನ್ನು ಹೊಡೆದುಹಾಕಿದ. ಅಳತೆಪಟ್ಟಿ ಇಟ್ಟಷ್ಟು ನೆಟ್ಟಗೆ ಗೆರೆ ಬಿದ್ದಿತ್ತು.

ಆಮೇಲೆ ಹನ್ನೆರಡು ಭಾನುವಾರ ಕಳೆದವು. ಪ್ರತಿ ಶನಿವಾರವೂ ಅವನು ನಾಳೆ ಹತ್ತು ಸೇರು ರಾಗಿ ತೆಗೆದುಕೊಂಡು ಹಟ್ಟಿಗೆ ಹೋಗಿಬರಬೇಕು ಎಂದುಕೊಂಡ. ಪ್ರತಿ ಭಾನುವಾರವೂ ಬಟ್ಟೆ ಒಗೆಯುವುದೋ, ಚಂದ್ರಕ್ಕನ ಅಣ್ಣ ಬರುವುದೋ, ಸುಮ್ಮನೆ ಮಲಗುವುದೋ ಇರುತ್ತಿತ್ತು. ಒಂದು ಸಲ ಬಸ್‌ಸ್ಟ್ಯಾಂಡಿನ ತನಕ ಹೋಗಿ, ಬಸ್ಸು ಬಂದು, ಬಸ್ಸು ಹೋಗಿ, ಅಲ್ಲೇ ಒಂದು ಚಹಾ ಕುಡಿದು ವಾಪಸು ಬಂದಿದ್ದ. ಅಳು ಬಂದಿದ್ದರೆ ಆಗುತ್ತಿತ್ತು. ಬರಲಿಲ್ಲ. ಹಟ್ಟಿಯಿಂದ ಬಂದ ಒಬ್ಬನನ್ನು ಸಂತೆಯಲ್ಲಿ ಕಂಡು ದೊಡ್ಡಮ್ಮ ಹೇಗಿದ್ದಾಳೆ ಎಂದು ಕೇಳಿದ್ದ. "ಐತೆ ಕಣಪ್ಪ. ಕಳೆ ಕೀಳಾಕೆ ಕರದ್ರೆ ಬರ್ತೈತೆ, ಮೊದ್ಲಿನಂಗೆ ಕೈ ಓಡಲ್ಲ. ತುಂಬೈತೆ ಅಂತ ನಮ್ಮನೀಗೂ ಮೊರ ಹಿಡ್ಕಂಡು ಬಂದಿತ್ತು. ಎಲ್ಲಿಂದ ಕೊಡಾಣ? ನಮಗೇ ತೂಕ ಹಾಕಿ ಕೊಡ್ತಾರೆ" ಅಂದ ಅವನು. ತಪ್ಪೇನೂ ಅಂದಿರಲಿಲ್ಲ. ತಲೆಗಿಷ್ಟು ಎಂದು ತೂಗಿ ಕೊಟ್ಟದ್ದರಲ್ಲಿ ಬೊಗಸೆಯಲ್ಲಿ ಬಾಚಿ ಕೊಡುವುದು ಹೇಗೆ? ಮೊರ ಖಾಲಿ ಹೋಗಿರಬೇಕು. ಅದನ್ನು ಅವಳು ಹೇಗೆ ಹಿಡಿದುಕೊಂಡು ಹೋದಳು, ಮಗುಚಿ ಹಿಡಿದೋ, ಸೆರಗಿನಲ್ಲಿ ಮುಚ್ಚಿಕೊಂಡೋ, ಎಂದು ಅವನು ಅನ್ನದ ಮುಂದೆ ಕೂತಾಗ ಬಹಳ ದಿನ ಯೋಚಿಸುತ್ತಿದ್ದ. ಅನ್ನ ಉಣ್ಣುತ್ತಲೂ ಇದ್ದ.

ಹನ್ನೊಂದು ಗಂಟೆಗೆ ರಂಗಯ್ಯ, "ಆ ಅಜ್ಜೀನ ಒಳಕ್ಕೆ ಬಿಡ್ಲಾ ಸಾರ್?" ಎಂದು ಕೇಳಿದ. "ಆಮೇಲೆ. ನೀನು ಮೊದಲು ಈ ಟಪಾಲು ಪೋಸ್ಟಿಗೆ ಹಾಕಿ ಬಾ" ಅಂದ. ಟಪಾಲು ಸಂಜೆ ಹೋಗುವುದು ವಾಡಿಕೆ. ರಂಗಯ್ಯ ಲಕೋಟೆಗಳನ್ನು ಎತ್ತಿಕೊಂಡ. ಅವನು ಇದೇ ಸೀಮೆಯವನು; ದೊಡ್ಡಮ್ಮನ ಮಾತು ಕಿವಿಗೆ ಬಿದ್ದರೆ ಸಾಹೇಬರಿಗೆ ಅರ್ಥ ಹೇಳಿಬಿಡುತ್ತಿದ್ದ. ಈ ಯೋಚನೆ ರಂಗಯ್ಯ ಗೇಟು ದಾಟಿದ ಮೇಲೆ ಚಿಕ್ಕತಿಮ್ಮಪ್ಪನಿಗೆ ಬಂತು. ಅಥವಾ ಮೊದಲೇ ಬಂದಿತ್ತೋ. ಎದ್ದು ಹೋಗಿ ಮರದ ಕೆಳಗೆ ಅವಳ ಪಕ್ಕ ಕೂತುಬಿಡಬೇಕು ಅನ್ನಿಸಿತು. ಅಷ್ಟು ದೂರ, ಹೆಚ್ಚೆಂದರೆ ಮೂವತ್ತು ಹೆಜ್ಜೆ. ಎದ್ದ, ಬೀರುವಿನಿಂದ ಒಂದು ಫೈಲು ತೆಗೆದುಕೊಂಡು ಮತ್ತೆ ಕೂತ. ಅಷ್ಟರಲ್ಲಿ ಸಾಹೇಬರು ತಾವೇ ಹೊರಗೆ ಬಂದು, ಮರದ ಕಡೆ ನೋಡಿ, "ಆ ಮುದುಕಿ ಎಷ್ಟು ಹೊತ್ತಿನಿಂದ ಕೂತಿದ್ದಾಳೆ? ಪಾಪ, ಬರಲಿಕ್ಕೆ ಹೇಳಿ. ನೀವೂ ಬನ್ನಿ" ಅಂದರು.

ಉಚ್ಚಂಗೆಮ್ಮ ಸಾಹೇಬರ ಕೋಣೆಯ ಹೊಸ್ತಿಲಲ್ಲಿ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ಕಾರ್ಡನ್ನು ಖಾಕಿ ಚೀಲದ ಜೇಬಿನಿಂದ ತೆಗೆದು ಮೇಜಿನ ಅಂಚಿಗೆ ಇಟ್ಟಳು. ಚಿಕ್ಕತಿಮ್ಮಪ್ಪ ಸಾಹೇಬರ ಎಡಗಡೆ ಪೆನ್ನು ಹಿಡಿದು ನಿಂತಿದ್ದ. ಒಂದು ಸಲ ಮಾತ್ರ ಅವಳು ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಮೊರ ಕೊಟ್ಟು ಕಳಿಸುವಾಗ, ಹೋಗು, ನೀನು ಹೇಳಿದರೆ ಆಗುತ್ತದೆ ಎಂಬಂತೆ ನೋಡುತ್ತಿದ್ದಳಲ್ಲ, ಅದೇ ನೋಟ.

"ಕಾರ್ಡಿನಲ್ಲಿ ದಾಸ್ತಾನು ಇದೆ ಅಂತ ಉಂಟಲ್ಲ" ಅಂದರು ಸಾಹೇಬರು. "ಮತ್ತೆ ಕಾಳು ಕೇಳುವುದು ಯಾಕೆ?"

"ತುಂಬೈತೆ ಅಂತ ಅವತ್ತೇ ಹೇಳಿದ್ನಲ್ಲ ಸ್ವಾಮಿ. ಅದಕ್ಕೇ ಬಂದೆ."

"ತುಂಬಿದ್ದರೆ ಒಳ್ಳೆಯದೇ ಆಯಿತಲ್ಲ ಅಜ್ಜಿ." ಸಾಹೇಬರು ಕಾರ್ಡು ತಿರುಗಿಸಿ ನೋಡಿ, ಅವಳ ಕೊರಳು, ಕೈ ನೋಡಿ, ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದರು. "ನೋಡು, ತಪ್ಪಿ ಬರೆದಿದ್ದರೂ ಬರೆದಿರಬಹುದು. ನಿನಗೆ ಸುಮ್ಮನೆ ತೊಂದರೆ ಬೇಡ. ನೀನು ಒಂದು ಮಾತು ಹೇಳು. ಮನೆಯಲ್ಲಿ ಕಾಳು ಇಲ್ಲ ಅಂತ ಹೇಳು ಸಾಕು, ನಾನು ಈಗಲೇ ತಿದ್ದಿ ಕೊಡುತ್ತೇನೆ."

ಚಿಕ್ಕತಿಮ್ಮಪ್ಪ ಅವಳ ಬಾಯಿಯನ್ನೇ ನೋಡುತ್ತಿದ್ದ. ಅನ್ನು ದೊಡ್ಡಮ್ಮ. ಎಲ್ಲರೂ ಅಂದರು. ಎರಡೇ ಅಕ್ಷರ, ನಾಲಗೆಯನ್ನು ಒಂದು ಸಲ ಅಂಗುಳಕ್ಕೆ ತಾಗಿಸಿದರೆ ಆಯಿತು. ಅವಳು ಖಾಕಿ ಚೀಲವನ್ನು ಮುದುಡಿ ಹಿಡಿದುಕೊಂಡಳು. "ಹೆಂಗೆ ಅನ್ಲಿ ಸ್ವಾಮಿ" ಅಂದಳು. "ನಾಳೆ ದಿನ ಅದು ಮನೀಗೆ ಬರಬೇಕಲ್ಲ."

"ಎಂಥದು ಬರಬೇಕು?" ಸಾಹೇಬರು ಅವನ ಕಡೆ ತಿರುಗಿದರು. "ನೀವು ಈ ಜಿಲ್ಲೆಯವರಲ್ಲವಾ ತಿಮ್ಮಪ್ಪ. ಏನು ಹೇಳುತ್ತಾಳೆ ಇವಳು?"

ಇದಕ್ಕಿಂತ ಸುಲಭವಾಗಿ ಯಾರೂ ಕೇಳಲಾರರು ಎಂದು ಅವನಿಗೆ ಚೆನ್ನಾಗಿ ತಿಳಿದಿತ್ತು. ಹೇಳಿದರೆ ಸಾಹೇಬರು ಮೂರು ತಿಂಗಳ ಹಿಂದೆ ಯಾಕೆ ಹೇಳಲಿಲ್ಲ ಎಂದು ಕೇಳಿಯಾರು, ನಾಲ್ಕು ದಿನ ಮುಖ ಕೊಟ್ಟು ಮಾತಾಡದೆ ಇದ್ದಾರು. ಕೆಲಸವೇನೂ ಹೋಗದು. ಅಷ್ಟು ಚಿಕ್ಕದಕ್ಕೆ ಹೆದರುತ್ತಿದ್ದೇನೆ ಎಂಬುದೂ ತಿಳಿದಿತ್ತು. "ವಯಸ್ಸಾಗಿದೆ ಸಾರ್" ಅಂದ.

ಉಚ್ಚಂಗೆಮ್ಮ ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆಗೆ ನೋಡತೊಡಗಿದಳು. ಆಮೇಲೆ ಅವಳು ಅವನ ಕಡೆ ನೋಡಲಿಲ್ಲ.

ಸಾಹೇಬರು ನಿಟ್ಟುಸಿರು ಬಿಟ್ಟರು. ನಿಜವಾಗಿಯೂ ಸಹಾಯ ಮಾಡಬೇಕೆಂದಿದ್ದರು. "ಇನ್ನೊಂದು ದಾರಿ ಉಂಟು. ನಿನ್ನ ಗುರುತು ಇರುವ ನೌಕರ ಯಾರಾದರೂ, ಹೌದು, ಇವಳ ಮನೆ ನನಗೆ ಗೊತ್ತು ಅಂತ ಇಲ್ಲಿ ಒಂದು ಸಹಿ ಹಾಕಿದರೆ ಆಯಿತು. ಮತ್ತೇನೂ ಕೇಳುವುದಿಲ್ಲ. ಈ ಊರಿನಲ್ಲಿ ನಿನ್ನವರು ಅಂತ ಯಾರಾದರೂ ಇದ್ದಾರಾ?"

ಅವಳು ಕ್ಯಾಲೆಂಡರಿನ ಮೇಲಿನ ದೇವರನ್ನು ನೋಡುತ್ತ, ಎಣಿಸಿ ನೋಡುವವಳ ಹಾಗೆ ನಿಂತಳು. ಆಮೇಲೆ ಮೆಲ್ಲಗೆ, ಯಾರಿಗೂ ನೋವಾಗದಂತೆ, "ತುಂಬವ್ರೆ ಸ್ವಾಮಿ" ಅಂದಳು.

ಚಿಕ್ಕತಿಮ್ಮಪ್ಪನಿಗೆ ಕೇಳಿಸಿತು. ಕಾಲಿನ ಜೋಮು ಬಿಡುವಾಗ ಹೇಗೆ ಚುಚ್ಚುತ್ತದೋ ಹಾಗೆ ಎಲ್ಲೋ ಒಂದು ಕಡೆ ಚುಚ್ಚಿ, ಅಲ್ಲಿಗೇ ನಿಂತಿತು. ಆ ಕೋಣೆಯಲ್ಲಿ ಆ ಮಾತಿನ ಅರ್ಥ ತಿಳಿದವರು ಇಬ್ಬರೇ.

"ಮತ್ತೆ ಕಷ್ಟ ಎಂಥದು" ಅಂದರು ಸಾಹೇಬರು, ಹಗುರಾಗಿ. "ತುಂಬ ಜನ ಇದ್ದಾರೆ ಅಂದಮೇಲೆ ಅವರಲ್ಲಿ ಒಬ್ಬನನ್ನು ಮುಂದಿನ ಮಂಗಳವಾರ ಕರೆದುಕೊಂಡು ಬಾ. ಬರೆದುಕೊಳ್ಳಿ ತಿಮ್ಮಪ್ಪ. ಗುರುತಿಸುವವರು ಈ ದಿನ ಹಾಜರಿಲ್ಲ."

ಅವನು ಬಗ್ಗಿ ಬರೆದ. ಅಕ್ಷರ ದುಂಡಗೆ ಬಂದವು. ಅವನ ಬರವಣಿಗೆಯನ್ನು ಆಫೀಸಿನಲ್ಲಿ ಎಲ್ಲರೂ ಹೊಗಳುತ್ತಾರೆ. "ಕೆಳಗೆ ನಿಮ್ಮದೊಂದು ಸಹಿ" ಅಂದರು ಸಾಹೇಬರು. ಚಿಕ್ಕತಿಮ್ಮಪ್ಪ ಸಹಿ ಹಾಕಿದ. ಅವಳ ಕಾಳಿಗೆ ಬೇಕಾಗಿದ್ದದ್ದೂ ಅದೇ ಸಹಿ. ಶಾಯಿ ಆರಲೆಂದು ಸಾಹೇಬರು ಒತ್ತುಕಾಗದ ಒತ್ತಿ ಕಾರ್ಡು ಅವಳ ಕಡೆ ಸರಿಸಿದರು. ಉಚ್ಚಂಗೆಮ್ಮ ಅದನ್ನು ಖಾಕಿ ಚೀಲದ ಜೇಬಿನಲ್ಲಿಟ್ಟು, ಜೇಬಿನ ಗುಂಡಿ ಹಾಕಿ, "ಬರ್ತೀನಿ ಸ್ವಾಮಿ" ಎಂದು ಇಬ್ಬರಿಗೂ ಸೇರಿಸಿ ಒಂದೇ ಸಲ ಕೈಮುಗಿದು ಹೋದಳು.